ಬೆಕ್ಕಿನ ಹೆಸರಿಗೆ ಬಿದ್ದ ಟೋಪಿ ಅಂಗಡಿ

ಟೋಪಿಯಮ್ಮ ಮನುಷ್ಯರ ತಲೆಗೆ ಟೋಪಿ ಹೆಣೆದವಳಲ್ಲ. ಅವಳು ಹೆಣೆಯುತ್ತಿದ್ದದ್ದು ಚಹಾದ ಕೆಟಲ್‌ಗಳಿಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದೊಂದು ವಿಷಯ ತೆರಿಗೆ ಕಚೇರಿಯವರ ತಲೆಗೆ ಹೋಗದೆ ಒಂದು ಇಡೀ ಬೆಳಗು ಹಾಳಾಯಿತು. ಉಣ್ಣೆಯ ಟೋಪಿ, ಒಂದು ಪಕ್ಕದಲ್ಲಿ ಕೆಟಲ್ಲಿನ ಮೂತಿ ಹೊರಬರಲು ತೂತು, ಇನ್ನೊಂದು ಪಕ್ಕದಲ್ಲಿ ಹಿಡಿಗೊಂದು ತೂತು, ನೆತ್ತಿಯ ಮೇಲೆ ಕುಚ್ಚು. ಹಾಕಿಟ್ಟರೆ ಚಹಾ ಬೇಗ ಆರುವುದಿಲ್ಲ. ಮಾತಿಗೆ ಕೂತವರು ಪದೇ ಪದೇ ಒಲೆಯ ಹತ್ತಿರ ಓಡಬೇಕಾಗಿಲ್ಲ. ಅಷ್ಟೇ ವಿಷಯ.

ಈ ಅಷ್ಟನ್ನೇ ಅವಳು ಫೋನಿನಲ್ಲಿ ಫೋಟೋ ತೆಗೆದು ಆನ್‌ಲೈನ್ ಸಂತೆಯೊಂದರಲ್ಲಿ ಮಾರಾಟಕ್ಕೆ ಇಟ್ಟಿದ್ದಳು. ಯಾರೂ ಕಲಿಸಿರಲಿಲ್ಲ. ಒಂದೇ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ, ತಪ್ಪಿ, ಮತ್ತೆ ಒತ್ತಿ, ಅಂಗಡಿಗೊಂದು ಹೆಸರಿಟ್ಟು ತೆರೆದೇಬಿಟ್ಟಳು. ಗಂಡನದು ಬೀದಿಯ ತುದಿಯಲ್ಲಿ ಬೀರುವಿನಷ್ಟು ಅಗಲದ ಬೀಗ ರಿಪೇರಿ ಅಂಗಡಿ. ಅವನು ಹೆಂಡತಿಯ ಟೋಪಿ ನೋಡಿದರೂ ಚೆನ್ನಾಗಿದೆ ಅನ್ನುತ್ತಿದ್ದ, ತುಕ್ಕು ಹಿಡಿದ ಬೀಗ ನೋಡಿದರೂ ಚೆನ್ನಾಗಿದೆ ಅನ್ನುತ್ತಿದ್ದ. ಅಂಥವನ ಹೊಗಳಿಕೆಯನ್ನು ಇಟ್ಟುಕೊಂಡು ಏನು ಮಾಡುವುದು ಹೇಳಿ. ಆದರೆ ಎಲ್ಲಿಯೋ ಇರುವ, ಮುಖ ನೋಡದ ಜನ, ಟೋಪಿ ಹಾಕಿದ ತಮ್ಮ ಕೆಟಲ್ಲಿನ ಫೋಟೋ ಕಳಿಸುತ್ತಿದ್ದರು. ಒಬ್ಬಾಕೆ, ನಿಮ್ಮ ಟೋಪಿ ಹಾಕಿದ ಮೇಲೆ ನಮ್ಮ ಕೆಟಲ್ ಮನೆಯವರ ಹಾಗೇ ಕಾಣುತ್ತದೆ ಎಂದು ಬರೆದಿದ್ದಳು. ಟೋಪಿಯಮ್ಮ ಅದನ್ನು ಪಾತ್ರೆ ತೊಳೆಯುವಾಗಲೂ ನೆನೆಸಿಕೊಂಡು ನಗುತ್ತಿದ್ದಳು. ಬದುಕಿನಲ್ಲಿ ಅವಳು ತಾನೇ ಹೆಸರಿಟ್ಟ ಮೊದಲ ವಸ್ತು ಆ ಅಂಗಡಿ. ಅದರ ಮೇಲೆ ಅವಳಿಗೆ ಜೀವ.

ಇನ್ನು ಮನೆಯ ವಿಷಯ. ಮನೆಯಲ್ಲಿ ಗಂಡ, ಹೆಂಡತಿ, ಅತ್ತೆ, ಮತ್ತೆ ಒಂದು ಬೆಕ್ಕು. ಅತ್ತೆಗೂ ಸೊಸೆಗೂ ಮಾತಿರಲಿಲ್ಲ. ಇರಲಿಲ್ಲ ಅಂದರೆ ನಿಜವಾಗಿಯೂ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ಚಳಿಗಾಲಕ್ಕೇ ನಿಂತುಹೋಗಿತ್ತು.

ಆಗಿದ್ದು ಇಷ್ಟು. ಹೊಸ ಸೊಸೆ ಹಳೆಯ ಪೆಟ್ಟಿಗೆ ಒಪ್ಪ ಮಾಡುವಾಗ ಮೊಣಕೈ ಹರಿದ ಹಸಿರು ಸ್ವೆಟರೊಂದು ಸಿಕ್ಕಿತು. ಅತ್ತೆ ನೆಂಟರ ಮನೆಗೆ ಹೋಗಿದ್ದರು. ಬರುವಷ್ಟರಲ್ಲಿ ಏನಾದರೂ ಮಾಡಿ ಅವರನ್ನು ಸಂತೋಷಪಡಿಸಬೇಕು ಅಂದುಕೊಂಡು, ಸೊಸೆ ಆ ಸ್ವೆಟರನ್ನು ಪೂರ್ತಿ ಬಿಚ್ಚಿ, ಉಣ್ಣೆ ತೊಳೆದು ಒಣಗಿಸಿ, ಉಂಡೆ ಸುತ್ತಿ, ಮನೆಯ ಕೆಟಲ್‌ಗೆ ಒಂದು ಟೋಪಿ ಹೆಣೆದಳು. ಅದೇ ಅವಳ ಮೊದಲ ಟೋಪಿ. ಅತ್ತೆ ಬಂದರು, ಚಹಾಕ್ಕೆ ಕೂತರು, ಕೆಟಲನ್ನು ನೋಡಿದರು. ತೀರಿಹೋದ ಮಾವ ತಮ್ಮ ಮೊದಲ ಸಂಬಳದಲ್ಲಿ ಹೆಂಡತಿಗೆ ತಂದುಕೊಟ್ಟ ಸ್ವೆಟರಂತೆ ಅದು. ಸೊಸೆಗೇನು ಗೊತ್ತು ಪಾಪ. ಅತ್ತೆ, ಇನ್ನು ಮೇಲೆ ನಾನು ನಿನ್ನ ಹತ್ತಿರ ಮಾತಾಡಿದರೆ ಕೇಳು ಅಂದರು. ಸೊಸೆ ತಪ್ಪಾಯಿತು ಅನ್ನಲು ಹೋದಳು. ಬಾಯಿಗೆ ಬಂದದ್ದು, "ಹರಿದಿತ್ತಲ್ಲ."

ಮುಗಿಯಿತು. ಆಡಿದ ಮಾತು, ಒಡೆದ ಮುತ್ತು.

ಹಾಗಂತ ಮನೆಯಲ್ಲಿ ಜಗಳವಿತ್ತು ಅಂದುಕೊಳ್ಳಬೇಡಿ. ಹೊತ್ತಿಗೆ ಸರಿಯಾಗಿ ಅತ್ತೆಯ ಮಂಚಕ್ಕೆ ಚಹಾ ಹೋಗುತ್ತಿತ್ತು, ಮಾತ್ರೆ ಹೋಗುತ್ತಿತ್ತು; ಸೊಸೆಗೆ ಜ್ವರ ಬಂದರೆ ಅತ್ತೆಯ ಕಂಬಳಿ ಅವಳ ಮೇಲಿರುತ್ತಿತ್ತು. ಮಾತು ಮಾತ್ರ ನೇರವಾಗಿ ಇಲ್ಲ. ಮೊದಮೊದಲು ಬೀಗದವನೇ ನಡುವೆ ನಿಂತು, ಅಮ್ಮ ಹೀಗಂದಳು, ಇವಳು ಹಾಗಂದಳು ಎಂದು ಓಡಾಡಿದ. ಉಪ್ಪು ಮುಗಿದಿದೆಯೋ ಇಲ್ಲವೋ ಎಂದು ಕೇಳಿ ಹೇಳಲು ಅಂಗಡಿಯಿಂದ ಅವನನ್ನು ಕರೆಸಿದ ದಿನ ಕೈ ಮುಗಿದುಬಿಟ್ಟ. ಊರಿನ ಬೀಗವನ್ನೆಲ್ಲ ತೆಗೆಯುವವನಿಗೆ ಮನೆಯ ಎರಡು ಬಾಯಿಗಳ ಬೀಗ ತೆಗೆಯಲು ಬರಲಿಲ್ಲ. ಅದೇ ಹೊತ್ತಿಗೆ ಬೆಕ್ಕಿನ ಮರಿಯೊಂದು ಎಲ್ಲಿಂದಲೋ ಒಳಗೆ ಬಂತು. ಇಬ್ಬರೂ ಅದಕ್ಕೆ ಮಾತಾಡಲು ಶುರುಮಾಡಿದರು.

"ಮರಿ, ಚಹಾ ಆರ್ತಾ ಇದೆ ಅಂತ ಹೇಳು" ಅನ್ನುತ್ತಿದ್ದಳು ಸೊಸೆ. "ಮರಿ, ಕೆಲವರಿಗೆ ಸಕ್ಕರೆ ಹಾಕೋಕೆ ಕೈ ಬರಲ್ಲ" ಅನ್ನುತ್ತಿದ್ದರು ಅತ್ತೆ. ಮರಿ ಬೆಳೆದು, ಕೊಬ್ಬಿ, ಕಿವಿ ಹರಿದ ಗಡವ ಬೆಕ್ಕಾದರೂ ಅದರ ಹೆಸರು ಮರಿಯೇ. ಮಾತು ಬಿರುಸಾದಾಗ ಅದು ನಡುವೆ ಕೂತು ಆ ಕಡೆ ಈ ಕಡೆ ಮುಖ ತಿರುಗಿಸುತ್ತಿತ್ತು. ತಾನು ಮಾಡದ ತಪ್ಪಿಗೆ ಅಷ್ಟು ಬೈಸಿಕೊಂಡ ಪ್ರಾಣಿ ಬೇರೊಂದು ಇರಲಿಕ್ಕಿಲ್ಲ.

ಹೀಗೆ ನಡೆಯುತ್ತಿದ್ದಾಗ ಆನ್‌ಲೈನ್ ಸಂತೆಯಿಂದ ಟೋಪಿಯಮ್ಮನ ಫೋನಿಗೆ ಒಂದು ಸಂದೇಶ ಬಂತು. ಈ ತಿಂಗಳು ಮುಗಿಯುವುದರೊಳಗೆ ವ್ಯಾಪಾರ ನೋಂದಣಿ ಸಂಖ್ಯೆ ಕೊಡದ ಅಂಗಡಿಗಳನ್ನು ಮುಚ್ಚಲಾಗುವುದು. ಗಂಡನಿಗೆ ತೋರಿಸಿದರೆ ಅವನು, "ಊರಿಗೆಲ್ಲ ಟೋಪಿ ಹಾಕಿದ್ಮೇಲೆ ಸರ್ಕಾರ ಸುಮ್ನಿರುತ್ತಾ" ಅಂದ. ಅವಳು ನಗಲಿಲ್ಲ. ಅವನಿಗೂ ಆಮೇಲೆ ಅಯ್ಯೋ ಅನಿಸಿ, ಅಂಗಡಿಗೆ ಹೋಗುವ ದಾರಿಯಲ್ಲೇ ಅವಳನ್ನು ತೆರಿಗೆ ಸಲಹೆಗಾರನ ಹತ್ತಿರ ಕರೆದುಕೊಂಡು ಹೋದ.

ಸಲಹೆಗಾರನ ಕೋಣೆ ಕ್ಷೌರದ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗಿನಿಂದ ಕತ್ತರಿಯ ಸದ್ದು, ಮೇಲೆ ಇವನ ಮಾತಿನ ಸದ್ದು, ಎರಡೂ ನಿಲ್ಲುತ್ತಿರಲಿಲ್ಲ. ನೋಂದಣಿ ಬೇಕು, ತೆರಿಗೆ ಸಂಖ್ಯೆ ಬೇಕು, ಮಾರಿದ ಪ್ರತಿ ಟೋಪಿಗೂ ಕ್ರಮವಾಗಿ ಬಿಲ್ಲು ಬೇಕು, ಕೊಂಡವರಿಗೆ ಇಷ್ಟವಾಗದಿದ್ದರೆ ವಾಪಸು ತೆಗೆದುಕೊಳ್ಳುವ ನಿಯಮವನ್ನು ಬರೆದು ಹಾಕಿರಬೇಕು, ಅವರ ವಿಳಾಸ ಬೇರೆಯವರ ಕಣ್ಣಿಗೆ ಬೀಳಬಾರದು, ಮನೆಯ ಖರ್ಚೂ ಅಂಗಡಿಯ ಖರ್ಚೂ ಒಂದೇ ಡಬ್ಬಿಯಲ್ಲಿ ಇರಬಾರದು ಎಂದು ಅವನು ಬೆರಳು ಮಡಚುತ್ತಾ ಹೋದ. ಇಷ್ಟು ದಿನ ತಾನು ಇಷ್ಟೊಂದು ಕಾನೂನು ಮುರಿದುಕೊಂಡು ಕೂತಿದ್ದೆನೆಂದು ಟೋಪಿಯಮ್ಮನಿಗೆ ಗೊತ್ತೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳು ಕೈಚೀಲದಲ್ಲಿದ್ದ ಉಣ್ಣೆಯ ಉಂಡೆಯನ್ನು ಒಳಗೆ ತಳ್ಳಿದಳು. ಆದರೂ ಇದೆಲ್ಲ ಕಲಿತರೆ ಆಗುವ ಕೆಲಸ, ಮಾಡೋಣ ಅಂದುಕೊಂಡಳು.

ಆಮೇಲೆ ಅವನು, ಮನೆ ಯಾರ ಹೆಸರಲ್ಲಿದೆ ಎಂದು ಕೇಳಿದ.

ಮನೆ ಅತ್ತೆಯ ಹೆಸರಲ್ಲಿತ್ತು. ಹಾಗಾದರೆ ಜಾಗ ಬಳಸಿಕೊಳ್ಳಲು ಅತ್ತೆಯ ಒಪ್ಪಿಗೆ ಬೇಕು. ಅದೂ ಬರೆಸಿಕೊಂಡು ಸಹಿ ಹಾಕಿಸಿದರೆ ನಡೆಯುವುದಿಲ್ಲ. ವಯಸ್ಸಾದವರಿಂದ ಮಕ್ಕಳು ಸೊಸೆಯಂದಿರು ಗದರಿಸಿ ಸಹಿ ಹಾಕಿಸಿಕೊಂಡು ಮನೆ ಹೊಡೆದುಕೊಳ್ಳುತ್ತಾರೆಂದು ಹೊಸ ನಿಯಮ ಬಂದಿದೆ: ಅಧಿಕಾರಿ ಮನೆಗೆ ಬರುತ್ತಾನೆ, ಅವನ ಎದುರಿಗೆ ಮನೆಯ ಯಜಮಾನಿ ಸ್ವಂತ ಮಾತಿನಲ್ಲಿ, ಸ್ವಂತ ಬಾಯಿಂದ ಹೇಳಬೇಕು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕೆಳಗೆ ಕತ್ತರಿ ಕಚಕ್ ಕಚಕ್ ಅನ್ನುತ್ತಿತ್ತು.

ಅಧಿಕಾರಿ ಬಂದ ದಿನ ಮನೆಯನ್ನು ಎರಡೆರಡು ಸಲ ಒರೆಸಿಯಾಗಿತ್ತು. ಬೀದಿಯಲ್ಲಿ ಆತನನ್ನು ಅಳತೆ ಸಾಹೇಬರು ಅನ್ನುತ್ತಿದ್ದರು, ಯಾಕೆಂದರೆ ಜೇಬಿನಿಂದ ಮೊದಲು ಹೊರಬರುತ್ತಿದ್ದದ್ದು ಟೇಪು. ಕೆಟ್ಟ ಮನುಷ್ಯರೇನಲ್ಲ. ಹಿಂದೊಮ್ಮೆ ಯಾರದೋ ಹೇಳಿಕೆಯನ್ನು ಚುಟುಕು ಮಾಡಿ ಬರೆದದ್ದಕ್ಕೆ ಮೇಲಿನವರು, ಸ್ವಂತ ಬುದ್ಧಿ ಉಪಯೋಗಿಸಬಾರದು ಎಂದು ಮೆಮೋ ಕೊಟ್ಟಿದ್ದರು. ಆವತ್ತಿನಿಂದ ಅವರು ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತಿದ್ದರು. ಸ್ವಂತ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬರುವ ಅಭ್ಯಾಸವಾಗಿತ್ತು.

ಟೋಪಿಯಮ್ಮ ಕೆಲಸಕ್ಕೆ ಕೂರುತ್ತಿದ್ದದ್ದು ಮುಂದಿನ ಕೋಣೆಯ ಕಿಟಕಿಯ ಹತ್ತಿರ. ಬೆಳಕು ಇದ್ದದ್ದು ಅಲ್ಲೇ. ಅತ್ತೆಯ ಮಂಚ ಇದ್ದದ್ದೂ ಅಲ್ಲೇ, ಉಣ್ಣೆಯ ಚೀಲಗಳು ಇದ್ದದ್ದು ಆ ಮಂಚದ ಕೆಳಗೆ. ಸಾಹೇಬರು ಟೇಪು ಎಳೆದು, ವಾಸದ ಜಾಗ ಬೇರೆ ವ್ಯಾಪಾರದ ಜಾಗ ಬೇರೆ ಇರಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಗೆರೆ ಮಂಚದ ನಡುವೆಯೇ ಹಾದುಹೋಯಿತು. ಅತ್ತೆಯ ಸೊಂಟದಿಂದ ಮೇಲೆ ವಾಸದ ಮನೆಯಲ್ಲಿ, ಸೊಂಟದಿಂದ ಕೆಳಗೆ ವ್ಯಾಪಾರದ ಸ್ಥಳದಲ್ಲಿ. ವ್ಯಾಪಾರದ ಸ್ಥಳದಲ್ಲಿರುವವರು ಮಾಲೀಕರೋ, ಕೆಲಸಗಾರರೋ, ಗಿರಾಕಿಯೋ, ಸಂದರ್ಶಕರೋ ಅನ್ನುವುದನ್ನು ಬರೆಯಬೇಕಿತ್ತು. ಕೆಲಸಗಾರರು ಅಂದರೆ ಸಂಬಳ ತೋರಿಸಬೇಕು, ಗಿರಾಕಿ ಅಂದರೆ ಏನಾದರೂ ಕೊಂಡಿರಬೇಕು. ಸಾಹೇಬರು ಬಹಳ ಯೋಚಿಸಿ, ಅತ್ತೆಯ ಕಾಲುಗಳನ್ನು ಸಂದರ್ಶಕರು ಎಂದು ಬರೆದುಕೊಂಡರು.

ಅತ್ತೆ ಕಿಟಕಿಯ ಕಟ್ಟೆಯ ಮೇಲಿದ್ದ ಬೆಕ್ಕಿನ ಕಡೆ ತಿರುಗಿದರು. "ಮರಿ, ನನ್ನ ಕಾಲು ನನ್ನ ಮನೆಯಲ್ಲೇ ಯಾವಾಗಿಂದ ನೆಂಟರಾದ್ವು ಕೇಳು."

ಸಾಹೇಬರು ಅದನ್ನೂ ಬರೆದುಕೊಂಡರು.

ನಂತರ ಸರಕಿನ ಪರಿಶೀಲನೆ. ಟೋಪಿ ಅಂದರೆ ಉಡುಪು, ಮಕ್ಕಳ ಉಡುಪಿಗೆ ತೆರಿಗೆಯಿಲ್ಲ, ದೊಡ್ಡವರದಕ್ಕೆ ಇದೆ. ಆದ್ದರಿಂದ ಇದನ್ನು ಹಾಕಿಕೊಳ್ಳುವವರ ವಯಸ್ಸೆಷ್ಟು ಎಂದು ಅವರು ಕೇಳಿದರು. ಹಾಕಿಕೊಳ್ಳುವುದು ಕೆಟಲ್ಲು ಎಂದಳು ಟೋಪಿಯಮ್ಮ. ಸಾಹೇಬರು ಬರೆದುಕೊಂಡು, ಹಾಗಾದರೆ ಕೆಟಲ್ಲಿನ ವಯಸ್ಸೆಷ್ಟು ಎಂದರು. ಅವಳು ಕೆಟಲ್ಲು ಮನುಷ್ಯನಲ್ಲ ಎಂದು ತಿಳಿಹೇಳಿದಳು, ಮೂತಿಯ ತೂತು ತೋರಿಸಿದಳು, ಕೊನೆಗೆ ಒಳಗಿನಿಂದ ಮನೆಯ ಕೆಟಲನ್ನೇ ತಂದು ಎದುರಿಗಿಟ್ಟಳು. ಅದರ ಮೈಮೇಲೆ ಆ ಹಸಿರು ಟೋಪಿ ಇತ್ತು. ಅತ್ತೆ ಅದನ್ನು ಒಂದು ಗಳಿಗೆ ನೋಡಿ ಗೋಡೆಯ ಕಡೆ ತಿರುಗಿದರು. ಸಾಹೇಬರು ಮಾತ್ರ ನಿಯಮ ನಿಯಮವೇ ಎಂದು, ಇನ್ನು ಮುಂದೆ ಪ್ರತಿ ಗಿರಾಕಿಯಿಂದಲೂ ಅವರ ಕೆಟಲ್ಲಿನ ವಯಸ್ಸು ಕೇಳಿ ಬಿಲ್ಲಿನ ಮೇಲೆ ಬರೆಯಬೇಕೆಂದು ತೀರ್ಮಾನ ಕೊಟ್ಟರು.

ಆಮೇಲೆ ಅವಳು ಕೇಳಿದಳು, ಜನ ಬರೆದೂ ಕಳಿಸಿದರು. ನಮ್ಮದು ಅಜ್ಜಿಯ ಕಾಲದ್ದು, ಕ್ಷಮಿಸಿ, ಇಷ್ಟು ವಯಸ್ಸಾದ ಕೆಟಲ್‌ಗೆ ನೀವು ಟೋಪಿ ಕೊಡುವುದಿಲ್ಲವೇ ಎಂದು ಒಬ್ಬರು ಗಾಬರಿಯಾಗಿದ್ದರು.

ಕೊನೆಯದು ಒಪ್ಪಿಗೆಯ ಮಾತು. ಸಾಹೇಬರು ಹೊಸ ಹಾಳೆ ತೆಗೆದು, ಅಮ್ಮ, ಯಾರಿಗೂ ಹೆದರಬೇಡಿ, ಮನಸ್ಸಿನಲ್ಲಿದ್ದದ್ದನ್ನು ಹೇಳಿ ಅಂದರು. ಟೋಪಿಯಮ್ಮ ಗೋಡೆಯ ಕಡೆ ತಿರುಗಿದ್ದ ಅತ್ತೆಯ ಬೆನ್ನನ್ನೇ ನೋಡಿದಳು. ಇಲ್ಲ ಅಂದುಬಿಟ್ಟರೆ? ಅನ್ನುವುದಕ್ಕೆ ಅವರಿಗೆ ಹಕ್ಕಿತ್ತು, ಕಾರಣ ಆಗಲೇ ಮೇಜಿನ ಮೇಲೆ ಹಸಿರಾಗಿ ಕೂತಿತ್ತು. ಅತ್ತೆ ಗಂಟಲು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದರು.

"ಮರಿ, ಈ ಜಾಗ ನಾನು ಕೊಟ್ಟಿದ್ದೀನಿ. ಎಷ್ಟು ದಿನ ಬೇಕೋ ಅಷ್ಟು ದಿನ ವ್ಯಾಪಾರ ಮಾಡ್ಕೊಳ್ಲಿ. ಹಗಲೊತ್ತು ಕಿಟಕಿ ಮಾತ್ರ ಮುಚ್ಚಬಾರ್ದು."

ಟೋಪಿಯಮ್ಮನಿಗೆ ಕಣ್ಣು ತುಂಬಿ ಬಂತು. ಮುಚ್ಚಲ್ಲ ಅಂತ ಹೇಳು ಮರಿ ಎಂದು ಅವಳೂ ಬೆಕ್ಕಿಗೇ ಹೇಳಿ ಒಳಗೆ ಓಡಿದಳು. ಸಾಹೇಬರು ಪ್ರತಿ ಅಕ್ಷರವನ್ನೂ ಬರೆದುಕೊಂಡು, ಕೊನೆಯಲ್ಲಿ, ಬೆಕ್ಕನ್ನು ನೋಡಿ ಹೇಳಿದ್ದು ಎಂದು ಸೇರಿಸಿ, ಚಹಾ ಕುಡಿದು ಹೋದರು. ಚಹಾ ಬಿಸಿಯಾಗಿಯೇ ಇತ್ತು.

ಮನೆಯಲ್ಲಿ ಇದು ಯಾರಿಗೂ ವಿಚಿತ್ರ ಅನಿಸಲಿಲ್ಲ. ಬೆಕ್ಕಿಗೆ ಹೇಳಿದ್ದೆಂದರೆ ಸೊಸೆಗೆ ಹೇಳಿದ್ದು, ಅದರಲ್ಲೇನಿದೆ? ಅವರ ಮನೆಯಲ್ಲಿ ಹಾಗೇ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ದೊಡ್ಡ ಕಚೇರಿಯಲ್ಲಿದ್ದರು. ಸಾಹೇಬರ ಹಾಳೆಯನ್ನು ಅವರು ಓದಿದರು, ಒಪ್ಪಿದರು, ಮೊಹರು ಹಾಕಿದರು. ಪ್ರಮಾಣಪತ್ರ ಮನೆಗೆ ಬಂತು. ವ್ಯಾಪಾರದ ಮಾಲೀಕಳು: ಅರ್ಜಿದಾರಳು. ವ್ಯಾಪಾರ ಸ್ಥಳದ ಹಕ್ಕುದಾರ: ಮರಿ, ಬೆಕ್ಕು. ಹಕ್ಕುದಾರನ ಒಪ್ಪಿಗೆ ಸಲ್ಲಿಸುವವರೆಗೆ ಅರ್ಜಿದಾರಳ ನೋಂದಣಿ ತಡೆಹಿಡಿಯಲಾಗಿದೆ.

ಬೀಗದವನು ಅದನ್ನು ಓದಿ ನಗಲು ಶುರುಮಾಡಿದವನು ಮಂಚದ ಅಂಚು ಹಿಡಿದುಕೊಂಡು ಕೂತ. ಮಾರನೆಯ ದಿನ ಬೆಕ್ಕಿನ ಹೆಸರಿಗೇ ಪ್ರತ್ಯೇಕವಾಗಿ ಪತ್ರ ಬಂತು. ಒಳಬಾಡಿಗೆಯಿಂದ ಬರುವ ಆದಾಯದ ವಿವರ ಕೊಡಬೇಕಂತೆ, ಖುದ್ದಾಗಿ ಹಾಜರಾಗಲು ಅಡ್ಡಿಯಿದ್ದರೆ ಕಾರಣ ತಿಳಿಸಬೇಕಂತೆ. ಆನ್‌ಲೈನ್ ಸಂತೆಯವರಿಗೆ ಯಾವ ದಾರಿಯಲ್ಲಿ ಹೆಸರು ಹೋಯಿತೋ, ಪ್ರಿಯ ಮರಿಯವರೇ, ನಮ್ಮ ವ್ಯಾಪಾರಿ ಕುಟುಂಬಕ್ಕೆ ಸ್ವಾಗತ, ಮಾರಾಟ ಹೆಚ್ಚಿಸುವ ಬಗೆಯನ್ನು ಮನೆಯಲ್ಲೇ ಕೂತು ಕಲಿಯಿರಿ ಎಂದು ಅವರೂ ಬರೆದರು. ಮರಿ ಆ ಪತ್ರದ ಮೇಲೆ ಮಲಗಿತು. ಮಲಗಲು ಅದಕ್ಕೆ ಕಾಗದ ಅಂದರೆ ಇಷ್ಟ.

ಟೋಪಿಯಮ್ಮನಿಗೆ ಮಾತ್ರ ನಗು ಬರಲಿಲ್ಲ. ತಿಂಗಳು ಮುಗಿದ ಬೆಳಿಗ್ಗೆ ಫೋನು ತೆಗೆದರೆ ಅವಳ ಅಂಗಡಿಯ ಹೆಸರಿನ ಮೇಲೆ ಬೂದು ಬಣ್ಣ ಬಳಿದಿತ್ತು, ತಾತ್ಕಾಲಿಕವಾಗಿ ಮುಚ್ಚಿದೆ ಎಂದಿತ್ತು. ಇನ್ನೆರಡು ವಾರದಲ್ಲಿ ಸರಿಯಾಗದಿದ್ದರೆ ಹೆಸರೂ ಸೇರಿ ಎಲ್ಲ ಅಳಿಸಿಹೋಗುತ್ತದೆ, ಜನ ಕಳಿಸಿದ ಫೋಟೋಗಳೂ ಹೋಗುತ್ತವೆ ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಅವಳು ಅದನ್ನು ಸೆರಗಿನಿಂದ ಒರೆಸಿ ನೋಡಿದಳು. ಬೂದು ಹೋಗಲಿಲ್ಲ.

ಮತ್ತೆ ಕ್ಷೌರದ ಅಂಗಡಿಯ ಮಹಡಿ. ಸಲಹೆಗಾರನಿಗೆ ಇಂಥ ಕೇಸು ಸಿಕ್ಕಿದ್ದು ಜನ್ಮದಲ್ಲಿ ಮೊದಲ ಸಲ; ಅವನು ಸಂತೋಷದಿಂದ ಉಬ್ಬಿಹೋಗಿದ್ದ. ಬೆಕ್ಕಿನ ಪಂಜದ ಗುರುತು ತೆಗೆದುಕೊಂಡು ಅದರಿಂದಲೇ ಒಳಬಾಡಿಗೆ ಕರಾರು ಮಾಡಿಸಬಹುದು, ಆದರೆ ಬೆಕ್ಕು ಹದಿನೆಂಟು ತುಂಬದ ಅಪ್ರಾಪ್ತ, ಪೋಷಕರು ಬೇಕು. ಪೋಷಕರು ಅಂದರೆ ಯಾರು? ಊಟ ಹಾಕುವವರು. ಬೆಕ್ಕಿಗೆ ಊಟ ಹಾಕುವವರು ಯಾರು ಎಂದ. ಇಬ್ಬರೂ ಹಾಕುತ್ತಿದ್ದರು, ಇನ್ನೊಬ್ಬರು ಹಾಕಿಲ್ಲ ಅಂದುಕೊಂಡು. ಅದಕ್ಕೇ ಅದು ಹಾಗೆ ಊದಿಕೊಂಡಿತ್ತು. ಹಾಗಾದರೆ ಇಬ್ಬರೂ ಜಂಟಿ ಪೋಷಕರು, ಇಬ್ಬರೂ ಅಧಿಕಾರಿಯ ಎದುರು ಒಬ್ಬರಿಗೊಬ್ಬರು ಮಾತಾಡಿಕೊಂಡು ಒಪ್ಪಬೇಕು ಎಂದ ಅವನು. ಅಥವಾ ಇದೆಲ್ಲ ಬಿಟ್ಟು, ಮೊದಲ ಹೇಳಿಕೆಯನ್ನೇ ತಿದ್ದಿಸಬಹುದು. ಅರ್ಜಿದಾರಳು ಮನೆಯ ಯಜಮಾನಿಯನ್ನು ನೇರವಾಗಿ ಕೇಳಬೇಕು, ಯಜಮಾನಿ ಅರ್ಜಿದಾರಳ ಮುಖ ನೋಡಿ ಹೇಳಬೇಕು, ಅಷ್ಟೇ.

ಅಷ್ಟೇ ಅಂತೆ. ಯಾವ ಗಲ್ಲಿ ಹಿಡಿದು ಹೋದರೂ ಬಂದು ನಿಲ್ಲುತ್ತಿದ್ದದ್ದು ಅದೇ ಮಂಚದ ಮುಂದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಯೋಚಿಸಿದ್ದನ್ನು ಎಲ್ಲರೂ ಕೇಳಿದ್ದಾರೆ. ಬೆಕ್ಕನ್ನು ನಡುವಿನಿಂದ ಎತ್ತುವವರು ಯಾರು ಅನ್ನುವುದು ಅದಕ್ಕಿಂತ ಕಷ್ಟ.

ಬೀಗದವನು ಹೆಂಡತಿಗೆ ಹೇಳಿ ನೋಡಿದ. ಒಂದು ಮಾತು ಕಣೇ, ಅಮ್ಮ ಕೂಡ ಕಾಯ್ತಿದ್ದಾಳೆ ಅನಿಸುತ್ತೆ ಎಂದ. ಅವಳಿಗೂ ಅದು ಗೊತ್ತಿತ್ತು. ಒಂದು ಮಧ್ಯಾಹ್ನ ಮಂಚದ ಕಾಲ್ದೆಸೆಯಲ್ಲಿ, ಸೀಮೆಸುಣ್ಣದ ಗೆರೆಯ ಒಳಗೆ ನಿಂತು ಬಾಯಿ ತೆರೆದದ್ದೂ ಉಂಟು. ಆದರೆ ನಾಲಗೆಯ ತುದಿಗೆ ಬಂದು ನಿಂತದ್ದು ಇಷ್ಟು ವರ್ಷ ಅಲ್ಲೇ ಕಾದು ಕೂತಿದ್ದ ಆ ಹಳೆಯ ಮಾತು, ಹರಿದಿತ್ತಲ್ಲ. ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಬಾಯಿ ಮುಚ್ಚಿಕೊಂಡು ಮಂಚದ ಕೆಳಗಿನ ಚೀಲ ಎಳೆದು ಮತ್ತೆ ಒಳಗೆ ತಳ್ಳಿ, ಅದಕ್ಕೇ ಬಂದವಳ ಹಾಗೆ ಹೋಗಿಬಿಟ್ಟಳು.

ಅಂಗಡಿ ಮುಚ್ಚಿದ ಮೇಲೆ ಅವಳು ಹೆಣಿಗೆ ಕಡ್ಡಿ ಮುಟ್ಟಲಿಲ್ಲ. ಕಿಟಕಿಯ ಹತ್ತಿರ ಕೂರುವುದೂ ಬಿಟ್ಟಳು. ಅತ್ತೆ ಎರಡು ಮೂರು ದಿನ ಸುಮ್ಮನಿದ್ದು ಬೆಕ್ಕನ್ನು ಕರೆದರು. "ಮರಿ, ಕಡ್ಡಿ ಸದ್ದು ಕೇಳದೆ ಮಧ್ಯಾಹ್ನ ನಿದ್ದೆನೇ ಹತ್ತಲ್ಲ."

ಅಡುಗೆಮನೆಯಲ್ಲಿದ್ದ ಟೋಪಿಯಮ್ಮನಿಗೆ ಅದು ಕೇಳಿಸಿತು. ಇಷ್ಟು ವರ್ಷ ತನ್ನ ಕೆಲಸವನ್ನು ಆ ಮಂಚದಿಂದ ಒಬ್ಬರು ಕೇಳಿಸಿಕೊಳ್ಳುತ್ತಿದ್ದರು ಅನ್ನುವುದು ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಸಿಂಕಿನ ಮುಂದೆ ನಿಂತು ಅತ್ತಳು. ಬೆಕ್ಕು ಬಂದು ಕಾಲಿಗೆ ಮೈ ಉಜ್ಜಿತು; ಸಂದೇಶ ತಲುಪಿಸಿದ್ದಕ್ಕೆ ಹಾಲು ಕೇಳುವುದು ಅದರ ಪದ್ಧತಿ.

ಹೇಳಿಕೆ ತಿದ್ದಿಸಲು ಅರ್ಜಿ ಹಾಕಿದ್ದಾಯಿತು. ಅಳತೆ ಸಾಹೇಬರು ಎರಡನೆಯ ಸಲ ಬಂದಾಗ ಅವರ ಮುಖ ಇಳಿದಿತ್ತು. ಜಾಗ ಬೆಕ್ಕಿನ ಹೆಸರಿಗೆ ಯಾಕೆ ಬಿತ್ತೆಂದು ಮೇಲಿನವರು ಈಗ ಅವರನ್ನೇ ಕೇಳಿ, ಸ್ವಂತ ಬುದ್ಧಿ ಉಪಯೋಗಿಸಬೇಕಿತ್ತು ಎಂದು ಇನ್ನೊಂದು ಮೆಮೋ ಕೊಟ್ಟಿದ್ದರು. ಪಾಪ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂದರೆ ಅವರಾದರೂ ಏನು ಮಾಡಿಯಾರು. ಅವರು ಬಂದವರೇ, ಮೊದಲು ಬೆಕ್ಕನ್ನು ಸ್ಥಳದಿಂದ ಹೊರಗೆ ಕಳಿಸಿ ಅಂದರು. ಬೀಗದವನು ಅದನ್ನು ಸಲಕರಣೆ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೊರಟ. ಚೀಲದ ಬಾಯಿಂದ ಮುಖ ಹೊರಗೆ ಹಾಕಿ ಅದು ಬೀದಿಯುದ್ದಕ್ಕೂ ಕೂಗಿಕೊಂಡು ಹೋಯಿತು.

ಆ ಕೂಗು ನಿಂತಾಗ ಅತ್ತೆ ಮಂಚದ ಮೇಲೆ ಕೂತಿದ್ದರು, ಸೊಸೆ ಗೆರೆಯ ಹತ್ತಿರ ನಿಂತಿದ್ದಳು. ಇಬ್ಬರೂ ಕಿಟಕಿಯ ಖಾಲಿ ಕಟ್ಟೆಯನ್ನು ನೋಡುತ್ತಿದ್ದರು. ಅತ್ತೆ, ನೋಡಪ್ಪ, ಈ ಜಾಗ ನಾನು... ಎಂದು ಸಾಹೇಬರಿಗೆ ಹೇಳಲು ಶುರುಮಾಡಿದರು. ಸಾಹೇಬರು ಕೈ ಅಡ್ಡ ಹಿಡಿದು, ನನಗೆ ಹೇಳಿದರೆ ಜಾಗ ನನ್ನ ಹೆಸರಿಗೆ ಬೀಳುತ್ತದೆ ಎಂದು ಬೇಡಿಕೊಂಡರು. ಅತ್ತೆಯ ಕಣ್ಣು ಮೇಜಿನ ಮೇಲಿದ್ದ ಟೇಪಿನ ಕಡೆ ಹೋಯಿತು. ಸಾಹೇಬರು ಟೇಪನ್ನು ತೆಗೆದು ಜೇಬಿಗೆ ಹಾಕಿಕೊಂಡರು. ಕಣ್ಣು ಕೆಟಲ್ಲಿನ ಕಡೆ ಹೋಯಿತು. ಅದನ್ನೂ ಎತ್ತಿ, ಎಲ್ಲಿಡುವುದು ಗೊತ್ತಾಗದೆ, ತೊಡೆಯ ಮೇಲೆ ಇಟ್ಟುಕೊಂಡು ಕೂತರು.

"ಮೊದಲು ಅರ್ಜಿದಾರರು ಕೇಳ್ಬೇಕು" ಎಂದರು ಅವರು, ಮೆಲ್ಲಗೆ.

ಟೋಪಿಯಮ್ಮ ಅತ್ತೆಯ ಮುಖ ನೋಡಿದಳು. ದಿನಾ ನೋಡುವ ಮುಖವೇ, ಆದರೆ ಪಕ್ಕದಿಂದ ನೋಡಿದ್ದೇ ಹೆಚ್ಚು. ಎಡಗೆನ್ನೆಯ ಮೇಲೆ ಒಂದು ಮಚ್ಚೆ ಇತ್ತು, ಅದು ಅಲ್ಲಿದ್ದದ್ದನ್ನು ಅವಳು ಮರೆತೇಬಿಟ್ಟಿದ್ದಳು. ಹೇಳಬೇಕಾದ ಮಾತನ್ನು ಸಲಹೆಗಾರ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ದ: ತಮ್ಮ ಸ್ವತ್ತಿನ ಮುಂದಿನ ಕೋಣೆಯ ಗುರುತಿಸಿದ ಭಾಗವನ್ನು ಎಂದು ಶುರುವಾಗುತ್ತಿತ್ತು. ಅದರಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ಅತ್ತೆ" ಎಂದಳು. "ಆ ಸ್ವೆಟರ್ ಬಿಚ್ಚಿದ್ದು ತಪ್ಪಾಯ್ತು."

ಇದು ಅರ್ಜಿಯಲ್ಲಿಲ್ಲ ಎಂದು ಸಾಹೇಬರು ಹೇಳಬೇಕೆಂದಿದ್ದರು. ಹೇಳಲಿಲ್ಲ. ಅತ್ತೆ ಅಭ್ಯಾಸಬಲದಿಂದ ಒಮ್ಮೆ ಕಿಟಕಿಯ ಕಡೆ ತಿರುಗಿ, ಅಲ್ಲಿ ಯಾರೂ ಇಲ್ಲದ್ದು ಕಂಡು, ಮುಖವನ್ನು ನಿಧಾನವಾಗಿ ಈ ಕಡೆಗೆ ತಂದರು.

"ಜಾಗ ನಿಂದೇ ಕಣೇ. ಇಲ್ಲೇ ಕೂತ್ಕೊಂಡು ಹೆಣಿ, ಬೆಳಕು ಚೆನ್ನಾಗಿದೆ."

ಸಾಹೇಬರ ಪೆನ್ನು ಓಡಿತು. ಜಾಗ ನಿಂದೇ ಕಣೇ, ಬರೆದರು. ಬೆಳಕು ಚೆನ್ನಾಗಿದೆ, ಬರೆದರು. ಸೊಸೆಯ ಮುಖ ನೋಡಿ ಹೇಳಿದ್ದು ಎಂದು ಬರೆದು ಅಡಿಗೆರೆ ಎಳೆದರು. ಅಷ್ಟರಲ್ಲಿ ಅತ್ತೆ ಮುಂದಕ್ಕೆ ಬಾಗಿ ಸೊಸೆಯ ಕೈ ಹಿಡಿದು ಗೆರೆಯ ಒಳಗೆ ಎಳೆದುಕೊಂಡು, ಮಂಚದ ಮೇಲೆ ಕೂರಿಸಿಕೊಂಡು, ದನಿ ತಗ್ಗಿಸಿದ್ದರು.

"ಆ ಸ್ವೆಟರ್ ಇತ್ತಲ್ಲ, ಮೈಯೆಲ್ಲ ಚುಚ್ತಿತ್ತು. ಅವರು ತಂದಿದ್ದು ಅಂತ ಬೇಸಿಗೆಯಲ್ಲೂ ಹಾಕ್ಕೋತಿದ್ದೆ. ಬಿಚ್ಚಿ ಬಿಸಾಡಿಬಿಡೋಣ ಅಂತ ನಂಗೂ ಎಷ್ಟು ಸಲ ಅನ್ಸಿತ್ತೋ. ಕೆಟಲ್ ಮೇಲೇ ಅದು ಚೆನ್ನಾಗಿ ಕಾಣೋದು."

ಟೋಪಿಯಮ್ಮನಿಗೆ ನಗುವೋ ಅಳುವೋ ತಿಳಿಯದೆ ಎರಡೂ ಒಟ್ಟಿಗೆ ಬಂತು. ಸಾಹೇಬರು ಕೆಟಲನ್ನು ಒಂದು ಕೈಯಲ್ಲಿ, ಪೆನ್ನನ್ನು ಇನ್ನೊಂದು ಕೈಯಲ್ಲಿ ಹಿಡಿದು ಮಂಚದ ಕಡೆ ಬಾಗಿದರು.

"ಅಮ್ಮ, ಕೊನೇಲಿ ಹೇಳಿದ್ದು ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಅತ್ತೆ ಸೊಸೆಯ ಕೈ ಬಿಡದೆ, ಅವರ ಕಡೆ ತಿರುಗಿಯೂ ನೋಡದೆ ಹೇಳಿದರು.

"ನಿಮಗೆ ಹೇಳಿದ್ದಲ್ಲಪ್ಪ. ಇವಳಿಗೆ ಹೇಳಿದ್ದು."